ಗುರುಗುಟ್ಟುವುದನ್ನು ಬಿಡಿಸಿದ್ದು

ನಾಯಿ ನಮ್ಮ ಮನೆಗೆ ಬರುವ ಮೊದಲೇ, ಪಪ್ಪ ಚಿಟಿಕೆ ಹೊಡೆದರೆ ಕೂರಬೇಕು ಎಂಬುದನ್ನು ನಾನೂ ನನ್ನ ತಮ್ಮ ಪ್ರೀತಮನೂ ಕಲಿತಾಗಿತ್ತು. ಒಂದು ಚಿಟಿಕೆಗೆ ಇದ್ದಲ್ಲೇ ಕೂರುವುದು. ಎರಡಕ್ಕೆ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುವುದು. ಮನೆಗೆ ಬಂದವರು ಬೆರಗಾಗಿ, “ಎಂಥ ಶಿಸ್ತು ಮಾರಾಯ್ರೇ ನಿಮ್ಮ ಮಕ್ಕಳದ್ದು” ಎನ್ನುತ್ತಿದ್ದರು. ನನಗೆ ಆಗ ಹನ್ನೊಂದು, ಪ್ರೀತಮನಿಗೆ ಐದು. ಆ ಹೊಗಳಿಕೆ ಕೇಳಿ ನನಗೆ ಹೆಮ್ಮೆಯಾಗುತ್ತಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದೆಲ್ಲ ಆ ಹೆಮ್ಮೆಗಾಗಿಯೇ ಮಾಡಿದ್ದು.

ಮನೆ ಎಂದರೆ ಗಲ್ಫಿನಲ್ಲಿ, ವಾದಿ ಕಬೀರ್ ಎಂಬಲ್ಲಿನ ಒಂದು ಗ್ಯಾರೇಜಿನ ಮೇಲಿದ್ದ ಎರಡು ಕೋಣೆ. ಕೆಳಗೆ ಲಾರಿಗಳ ಡೆಂಟಿಂಗು, ಪೇಂಟಿಂಗು. ಹಿಂದೆ ತಗಡಿನ ಬೇಲಿ ಹಾಕಿದ ಯಾರ್ಡು. ಯಾರ್ಡಿನಿಂದ ನೇರ ನಮ್ಮ ಬಾಗಿಲಿಗೆ ಏರುವ ಕಬ್ಬಿಣದ ಮೆಟ್ಟಿಲು. ಸುತ್ತಲಿನ ಕರಿಗುಡ್ಡಗಳಲ್ಲಿ ಒಂದು ಹುಲ್ಲುಕಡ್ಡಿ ಇರಲಿಲ್ಲ. ಅವು ಹಗಲೆಲ್ಲ ಕಾದು, ಸಂಜೆಯಾದ ಮೇಲೆ ಆ ಕಾವನ್ನು ನಮ್ಮ ಗೋಡೆಗಳಿಗೆ ದಾಟಿಸುತ್ತಿದ್ದವು. ಅನ್ನಕ್ಕೂ ಹಾಸಿಗೆಗೂ ಥಿನ್ನರಿನ ವಾಸನೆ. ಪಪ್ಪ ಆ ಗ್ಯಾರೇಜಿನ ಫೋರ್‌ಮನ್. ಅವರು ಕುಡಿಯುವವರಲ್ಲ, ಕಿರುಚುವವರೂ ಅಲ್ಲ. ಶುಕ್ರವಾರ ಬೆಳಿಗ್ಗೆ ತಾವೇ ಮತ್ರಾದ ಮೀನುಪೇಟೆಗೆ ಹೋಗಿ ಮೀನು ತಂದು, ತಾವೇ ಕತ್ತರಿಸಿ ಅಮ್ಮನಿಗೆ ಕೊಡುತ್ತಿದ್ದರು. ಅವರ ಶಿಕ್ಷೆಗೆ ಸಿಟ್ಟು ಬೇಕಾಗಿರಲಿಲ್ಲ. ಪ್ರೀತಮ್ ಊಟದ ಹೊತ್ತಿಗೆ ರಂಪ ಮಾಡಿದರೆ, ಮಧ್ಯಾಹ್ನದ ಬಿಸಿಲಲ್ಲಿ ಮೆಟ್ಟಿಲಿನ ತುದಿಯ ಕಬ್ಬಿಣದ ಹಲಗೆಯ ಮೇಲೆ ಬರಿಗಾಲಲ್ಲಿ ನಿಲ್ಲಬೇಕು, ಐವತ್ತು ಎಣಿಸುವ ತನಕ. ಎಣಿಸುವವಳು ನಾನು. ತಮ್ಮ ಒಂದು ಕಾಲೆತ್ತಿ ಇನ್ನೊಂದು ಕಾಲಿಗೆ ಉಜ್ಜಿಕೊಳ್ಳುತ್ತ ನನ್ನ ಮುಖವನ್ನೇ ನೋಡುತ್ತಿದ್ದ. ಒಮ್ಮೆ ನಾನು ಬೇಗ ಬೇಗ ಎಣಿಸಿದ್ದಕ್ಕೆ ಪಪ್ಪ ಒಳಗಿನಿಂದ ಮೆಲ್ಲಗೆ, “ಸರಿಯಾಗಿ ಕೇಳಲಿಲ್ಲ, ಮೊದಲಿಂದ” ಎಂದರು. ಆಮೇಲೆ ನಾನು ಯಾವತ್ತೂ ಅವಸರ ಮಾಡಲಿಲ್ಲ.

ಅಮ್ಮ ಮೊದಮೊದಲು ಅಡ್ಡ ಬರುತ್ತಿದ್ದಳು. ಅವಳಿಗೆ ದೊಡ್ಡ ಗಂಟಲು ಇತ್ತು; ತುಳುವಿನಲ್ಲಿ ಅವಳು ಮಾತಿಗಿಳಿದರೆ ಕೆಳಗೆ ಗ್ರೈಂಡರ್ ಹಿಡಿದವರೂ ತಲೆಯೆತ್ತುತ್ತಿದ್ದರು. ಒಂದು ಜೂನ್ ತಿಂಗಳಲ್ಲಿ, ಪ್ರೀತಮನ ಅಂಗಾಲಿನಲ್ಲಿ ಬೊಬ್ಬೆ ಎದ್ದಿದ್ದನ್ನು ಕಂಡು, ಗ್ಯಾರೇಜಿನವರೆಲ್ಲ ಕೇಳುವ ಹಾಗೆ ಗಂಡನನ್ನು ಬೈದಳು. ಪಪ್ಪ ಒಳಕೋಣೆಗೆ ಹೋಗಿ ಏಸಿಯ ಫ್ಯೂಸ್ ಕಿತ್ತು ಕಿಸೆಗೆ ಹಾಕಿಕೊಂಡರು. ಮಕ್ಕಳನ್ನು ಹೊರಕೋಣೆಯ ಏಸಿಯ ಕೆಳಗೆ ಮಲಗಿಸಿ, ಅಮ್ಮನನ್ನು ಒಳಕೋಣೆಯಲ್ಲಿ ಇರಿಸಿದರು. ಎಂಟು ದಿನ. ಒಂಬತ್ತನೆಯ ದಿನ ಅಮ್ಮ ಮೈಯೆಲ್ಲ ಬೆವರುಸಾಲೆ ಎದ್ದು, ತುಟಿ ಒಡೆದು, ಬಾಗಿಲಲ್ಲಿ ನಿಂತು “ತಪ್ಪಾಯ್ತು” ಎಂದಳು. ಪಪ್ಪ ಕಿಸೆಯಿಂದ ಫ್ಯೂಸ್ ತೆಗೆದು ಅವಳ ಕೈಗೇ ಕೊಟ್ಟರು. ಆ ಮೇಲೆ ನಮ್ಮ ಮನೆಯಲ್ಲಿ ಅಮ್ಮನ ಗಂಟಲು ಕೇಳಿದ್ದು ನನಗೆ ನೆನಪಿಲ್ಲ.

ನಾಯಿ ಬಂದದ್ದು ಅದೇ ವರ್ಷ ಸೆಕೆ ಇಳಿದ ಮೇಲೆ. ಗ್ಯಾರೇಜಿನ ಮಾಲೀಕರನ್ನು ಎಲ್ಲರೂ ಅರ್ಬಾಬ್ ಎನ್ನುತ್ತಿದ್ದರು. ಅವರ ಮಕ್ಕಳು ಮರಿಯಾಗಿದ್ದಾಗ ತಂದು, ಮುದ್ದು ಮಾಡಿ, ಬೆಳೆದ ಮೇಲೆ ಬೇಸರ ಬಂದು ಬಿಟ್ಟ ಜರ್ಮನ್ ಶೆಫರ್ಡ್ ಅದು, ಹೆಣ್ಣು. ಮಕ್ಕಳು ಇಟ್ಟ ಹೆಸರು ರೀಮ್. ಅರಬಿಯಲ್ಲಿ ಜಿಂಕೆ ಎಂದರ್ಥ. ಯಾರ್ಡಿನಿಂದ ಬ್ಯಾಟರಿ, ತಾಮ್ರದ ವೈರು ಕಳುವಾಗುತ್ತಿತ್ತು, ಕಾವಲಿಗಿರಲಿ ಎಂದು ಪಿಕಪ್‌ನಲ್ಲಿ ತಂದು ಬಿಟ್ಟರು. ಇಳಿದವಳೇ ಅವಳು ಎಲ್ಲರ ಕೈಯನ್ನೂ ಮೂಸಿ, ಬಾಲವನ್ನಷ್ಟೇ ಅಲ್ಲ, ಸೊಂಟವನ್ನೇ ಅಲ್ಲಾಡಿಸಿದಳು. ಪ್ರೀತಮ್ ಕೇಕೆ ಹಾಕಿ ನಕ್ಕ. ಅರ್ಬಾಬ್ ತಲೆಯಾಡಿಸಿ, ಇದು ಕಳ್ಳನಿಗೆ ಚಹಾ ಕೊಟ್ಟು ಕಳಿಸುವ ನಾಯಿ ಎಂದರಂತೆ. ಪಪ್ಪ ಎದೆಯ ಮೇಲೆ ಕೈಯಿಟ್ಟು, ಮೂರು ತಿಂಗಳು ಕೊಡಿ ಅರ್ಬಾಬ್, ಹುಲಿ ಮಾಡಿ ಕೊಡುತ್ತೇನೆ ಎಂದರು.

ಶುಕ್ರವಾರ ಬೆಳಿಗ್ಗೆ ಯಾರ್ಡಿನಲ್ಲಿ ತಾಲೀಮು. ಕತ್ತಿಗೆ ಬಿಗಿಯುವ ಸರಪಳಿ, ಪಪ್ಪನ ಕೈಯಲ್ಲಿ ಒಂದು ಮೊಳದ ರಬ್ಬರ್ ಹೋಸ್ ಪೈಪು. ಅವರ ಆಜ್ಞೆಗಳು ನಮಗೆ ಕೊಡುತ್ತಿದ್ದವೇ, ತುಳುವಿನವು: ಕುಲ್ಲು ಎಂದರೆ ಕೂರು, ಬಲ ಎಂದರೆ ಬಾ, ಉಂತು ಎಂದರೆ ನಿಲ್ಲು, ಇದ್ದಲ್ಲೇ ಇರು. ಅರಬಿ ಮಕ್ಕಳ ನಡುವೆ ಬೆಳೆದ ನಾಯಿಗೆ ಇದೊಂದೂ ತಿಳಿಯುತ್ತಿರಲಿಲ್ಲ. ಕುಲ್ಲು ಎಂದಾಗ ಅವಳು ನಿಂತೇ ಇರುತ್ತಿದ್ದಳು, ಹೋಸ್ ಬೀಳುತ್ತಿತ್ತು. ಆಗ ಅವಳು ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸುವಳು, ಮೂಗಿನ ತುದಿ ನೆಕ್ಕುವಳು, ದೊಡ್ಡದಾಗಿ ಆಕಳಿಸುವಳು. ಸಿಟ್ಟು ಬೇಡ, ನಿನ್ನೊಡನೆ ನನಗೆ ಜಗಳವಿಲ್ಲ ಎಂದು ನಾಯಿ ಹೇಳುವ ರೀತಿ ಅದು. ಇವತ್ತು ಅದನ್ನು ನಾನು ಜನರಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಡುತ್ತೇನೆ. ಪಪ್ಪನಿಗೆ ಅದು ಉಡಾಫೆಯಾಗಿ ಕಂಡಿತು.

“ಆಕಳಿಕೆಯಾ? ನಿದ್ದೆ ಬರ್ತದಾ ನಿಂಗೆ ನನ್ನ ಎದುರು?”

ಮತ್ತೆ ಹೋಸ್. ಗುಲ್ ಚಾಚಾ ಎಂಬ ವಯಸ್ಸಾದ ಪಠಾಣ್ ಪೇಂಟರ್ ಒಬ್ಬರಿದ್ದರು. ಅವರು ಒಂದು ಸಲ, “ಛೋಡೋ ಉಸ್ತಾದ್, ಬೇಜುಬಾನ್ ಹೈ,” ಬಿಡಿ, ಮಾತು ಬಾರದ ಜೀವ, ಎಂದರು. ಪಪ್ಪ ನಕ್ಕು, ಮಾತು ಬಾರದಿದ್ದರೇನು, ಕಿವಿ ಇದೆಯಲ್ಲ ಎಂದರು.

ಶಾಲೆಯಲ್ಲಿ ನಮಗೆ ಸ್ವಲ್ಪ ಅರಬಿ ಇತ್ತು. ಒಂದು ಮಧ್ಯಾಹ್ನ ಗ್ಯಾರೇಜು ಊಟಕ್ಕೆ ಮುಚ್ಚಿದ್ದಾಗ, ಲಾರಿಯ ನೆರಳಲ್ಲಿ ಮಲಗಿದ್ದ ಅವಳಿಗೆ ಸುಮ್ಮನೆ, “ತಆಲಿ, ರೀಮ್” ಎಂದೆ. ನಮ್ಮ ಕಿವಿಗೆ ‘ತಾಳಿ’ ಎಂದಂತೆ ಕೇಳುತ್ತದೆ. ಅರ್ಥ ಮಾತ್ರ ‘ಬಾ’ ಎಂದು. ಅವಳು ಚಂಗನೆ ಎದ್ದಳು. ಕಿವಿ ಹಿಂದಕ್ಕೆ ಮಲಗಿಸಿ, ಸರಪಳಿ ಎಳೆದುಕೊಂಡು ಓಡಿ ಬಂದು, ನನ್ನ ಮೊಣಕಾಲ ನಡುವೆ ತಲೆ ತೂರಿಸಿ ನಿಂತಳು. ಎಷ್ಟೋ ವಾರದ ಮೇಲೆ ಯಾರೋ ತನ್ನ ಭಾಷೆ ಆಡಿದ್ದು. ಅವಳ ಮೈ ಪೂರ್ತಿ ನಡುಗುತ್ತಿತ್ತು. ಹತ್ತು ದಿನ ನಾನು ಅದನ್ನು ಯಾರಿಗೂ ಹೇಳಲಿಲ್ಲ. ದಿನಾ ಊಟದ ಹೊತ್ತಿಗೆ ಇಳಿದು ಹೋಗಿ ಕರೆಯುತ್ತಿದ್ದೆ, ಅವಳು ಬರುತ್ತಿದ್ದಳು. ಅಷ್ಟು ಸಂತೋಷ ನನಗೆ ಆ ಮನೆಯಲ್ಲಿ ಬೇರೆ ಯಾವುದರಿಂದಲೂ ಸಿಕ್ಕಿರಲಿಲ್ಲ. ಆದರೆ ಒಂದು ಶುಕ್ರವಾರ, ನೋಡಲು ಬಂದವರ ಮುಂದೆ ರೀಮ್ ಮಾತು ಕೇಳದೆ ಪಪ್ಪನಿಗೆ ಅವಮಾನವಾಯಿತು. ಊಟಕ್ಕೆ ಕೂತಾಗ ಅವರ ಮುಖ ಕಪ್ಪಿಟ್ಟಿತ್ತು. ಅವರನ್ನು ಗೆಲ್ಲಿಸುವ ಗುಟ್ಟು ನನ್ನೊಬ್ಬಳ ಹತ್ತಿರ ಇದೆ ಎಂಬುದು ನನಗೆ ತಡೆಯಲಾಗಲಿಲ್ಲ.

“ಪಪ್ಪಾ, ಅದಕ್ಕೆ ಅರಬಿ ಗೊತ್ತುಂಟು. ತಆಲಿ ಅಂದ್ರೆ ಬರ್ತದೆ.”

ಪಪ್ಪ ಕೈ ತೊಳೆದು ನೇರ ಕೆಳಗೆ ಹೋದರು. ನಾನು ಮೆಟ್ಟಿಲ ತುದಿಯಲ್ಲಿ ನಿಂತು ನೋಡಿದೆ. ಅವರು ಕರೆದರು, “ತಆಲಿ, ರೀಮ್.” ಅವಳು ತುಸು ಅನುಮಾನಿಸಿದಳು, ಆಮೇಲೆ ಬಾಲ ತಗ್ಗಿಸಿ, ಹೊಟ್ಟೆ ನೆಲಕ್ಕೆ ತಾಗಿಸಿ, ಆದರೂ ಬಂದಳು. ಕಾಲ ಹತ್ತಿರ ಬಂದ ಕೂಡಲೇ ಪಪ್ಪ ಬೆಳಗಿನ ಬಾಕಿಯನ್ನೆಲ್ಲ ತೀರಿಸಿದರು. ತೀರಿಸುವಾಗ ಒಂದೊಂದು ಏಟಿಗೂ, “ಗೊತ್ತುಂಟು ನಿಂಗೆ, ಗೊತ್ತುಂಟು, ಗೊತ್ತಿದ್ದೂ ಆಟ ಆಡ್ತೀಯ” ಎನ್ನುತ್ತಿದ್ದರು. ಮರುದಿನ ನಾನು ಕರೆದಾಗ ರೀಮ್ ಲಾರಿಯ ಕೆಳಗೆ ಇನ್ನೂ ಒಳಕ್ಕೆ ಸರಿದಳು. ಆ ದಿನ ರಾತ್ರಿಯೂಟಕ್ಕೆ ಪಪ್ಪ ನನ್ನನ್ನು ತಮ್ಮ ಪಕ್ಕ ಕೂರಿಸಿಕೊಂಡು, ಅಂಜಲ್ ಮೀನಿನ ದೊಡ್ಡ ತುಂಡನ್ನು ನನ್ನ ಬಟ್ಟಲಿಗೆ ಹಾಕಿದರು. “ಇವಳೊಬ್ಬಳಿಗೆ ನನ್ನ ತಲೆ ಬಂದಿದೆ” ಎಂದರು. ಅಮ್ಮ ತಲೆಯೆತ್ತಲಿಲ್ಲ. ನಾನು ಮುಳ್ಳು ಬಿಡಿಸಿ ಬಿಡಿಸಿ ತಿಂದೆ.

ರೀಮ್ ಗುರುಗುಟ್ಟಲು ಶುರುಮಾಡಿದ್ದು ಅದಾದ ಮೇಲೆ. ಮೊದಲು ಊಟದ ಬಟ್ಟಲಿನ ಹತ್ತಿರ ಪಪ್ಪ ಬಂದಾಗ ಮಾತ್ರ. ಆಮೇಲೆ ಗಂಡಸರು ಯಾರು ಬಂದರೂ. ಹೊಟ್ಟೆಯೊಳಗಿನಿಂದ ಬರುವ ತಗ್ಗು ದನಿ. ಕಾವಲು ನಾಯಿಗೆ ಅದು ಬೇಕಾದದ್ದೇ ಅಲ್ಲವೇ ಎಂದು ಯಾರೋ ಅಂದರು. ಪಪ್ಪನ ವಿಚಾರ ಬೇರೆಯಿತ್ತು.

“ಕಳ್ಳನಿಗೆ ಗುರ್ ಅನ್ಲಿ. ಅನ್ನ ಹಾಕುವವನಿಗೆ ಅನ್ನುವ ಹಾಗಿಲ್ಲ.”

ಅವರು ಬಟ್ಟಲಿಟ್ಟು, ಅವಳು ಬಾಯಿ ಹಾಕಿದ ಮೇಲೆ ಕೈ ಚಾಚುತ್ತಿದ್ದರು. ಗುರ್ ಎಂದರೆ ಮೂತಿಯ ಮೇಲೆ ಹೋಸ್. ಮತ್ತೆ ಬಟ್ಟಲು, ಮತ್ತೆ ಕೈ. ಸರಪಳಿ ಹಿಡಿಯುವ ಕೆಲಸ ನನಗೆ ಬಂತು. ತಾವು ಕೆಲಸದಲ್ಲಿರುವಾಗ ಅದು ಎಷ್ಟು ಸಲ ಗುರುಗುಟ್ಟಿತು ಎಂದು ನೋಡಿಕೊಂಡು ಸಂಜೆ ಹೇಳಬೇಕು ಎಂದರು. ನಾನು ಒಂದನ್ನೂ ಬಿಡದೆ ಹೇಳಿದೆ. ಒಮ್ಮೆ ಅಮ್ಮನಿಗೂ ಗುರ್ ಎಂದದ್ದನ್ನು ಅವಳು ಮುಚ್ಚಿಟ್ಟಳು, ಅದನ್ನೂ ಹೇಳಿದೆ. ಮೂರನೆಯ ವಾರದಲ್ಲಿ ರೀಮಳ ಮೂತಿ ಊದಿ, ಒಂದು ಹಲ್ಲು ಅಲ್ಲಾಡುತ್ತಿತ್ತು. ನಾಲ್ಕನೆಯ ವಾರ ಸದ್ದು ನಿಂತಿತು. ಪಪ್ಪ ಬಟ್ಟಲಿನಲ್ಲಿ ಕೈಯಾಡಿಸಿದರೂ, ಬಾಯಿಂದ ಎಲುಬು ಕಿತ್ತರೂ ಅವಳು ಸುಮ್ಮನಿದ್ದಳು. ಅರ್ಬಾಬ್ ಬಂದು ನೋಡಿ ಚಪ್ಪಾಳೆ ತಟ್ಟಿದರು. ಪಪ್ಪ ಅಷ್ಟು ಖುಷಿಯಾಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಈಗ ನಾನು ಇದೇ ನಾಡಿನ ಅಲ್ ಮವಾಲೇಹ್‌ನಲ್ಲಿ ನಾಯಿ ಸಾಕುವವರಿಗೆ ತಮ್ಮ ನಾಯಿಯ ಜೊತೆ ಮಾತಾಡಲು ಕಲಿಸುವ ಕೆಲಸ ಮಾಡುತ್ತೇನೆ. ಹೋದ ತಿಂಗಳು ಧಾರವಾಡ ಕಡೆಯ ಎಂಜಿನಿಯರ್ ಒಬ್ಬರು, ಹೆಂಡತಿಯ ಕೈಗೆ ಹೊಲಿಗೆ ಹಾಕಿಸಿಕೊಂಡು, ನಾಯಿಯನ್ನು ಕರೆತಂದಿದ್ದರು.

“ಮದ್ಲ ಗುರ್ ಅಂತಿತ್ರಿ ಮೇಡಂ, ನಾವು ಬಡದು ಬಿಡಿಸಿದಿವಿ. ಭಾಳ ಶಾಣ್ಯಾ ಆಗಿತ್ತು. ಮೊನ್ನೆ ಸುಮ್ನ ಕುಂತದ್ದು ಒಮ್ಮಿಗೇ ಕೈ ಹಿಡದ್ಬಿಡ್ತ್ ನೋಡ್ರಿ.”

“ಗುರ್ ಅನ್ನುವುದು ಅದರ ಬಾಯಲ್ಲಿದ್ದ ಮಾತು ಸರ್. ಮಾತನ್ನು ಕಿತ್ತಿದ್ದೀರಿ. ಹಲ್ಲು ಹಾಗೇ ಉಂಟು.”

ಅವರು, ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದರು. ನಾನು ಗೋಡೆಯ ಮೇಲಿನ ಸರ್ಟಿಫಿಕೇಟು ತೋರಿಸಿದೆ.

ನಾನು ಕಲಿತದ್ದು ಒಂದು ಶುಕ್ರವಾರದ ಮಧ್ಯಾಹ್ನ. ಅಂದು ಊರಿನ ಕಡೆಯ ಸದಾನಂದಣ್ಣ ಮತ್ತು ಅವರ ಹೆಂಡತಿ ಊಟಕ್ಕೆ ಬಂದಿದ್ದರು. ಕೋಳಿ ಸುಕ್ಕ, ನೀರುದೋಸೆ, ಪಾಯಸ ಎಲ್ಲ ಆದ ಮೇಲೆ ಪಪ್ಪ ಎಲುಬುಗಳನ್ನು ಒಂದು ತಟ್ಟೆಗೆ ಹಾಕಿಕೊಂಡು, ಬನ್ನಿ ಒಂದು ತಮಾಷೆ ತೋರಿಸುತ್ತೇನೆ ಎಂದು ಬಂದವರನ್ನೂ ನಮ್ಮಿಬ್ಬರನ್ನೂ ಕೆಳಗೆ ಕರೆದೊಯ್ದರು. ಮೊದಲು ತಾವೇ ರೀಮಳ ಬಾಯಿಂದ ಎಲುಬು ಕಿತ್ತು ತೋರಿಸಿದರು. ಸದಾನಂದಣ್ಣ, “ನಿಮಗೆ ಹೆದರ್ತದೆ ಬಿಡಿ, ಬೇರೆಯವರು ಕೈ ಹಾಕಿದ್ರೆ?” ಎಂದು ನಕ್ಕರು. ಆ ನಗು ಪಪ್ಪನಿಗೆ ತಾಗಿತು. ಪ್ರೀತಮನನ್ನು ಮುಂದೆ ಕರೆದು, ಬಟ್ಟಲಿನಿಂದ ಎಲುಬು ತೆಗೆ ಎಂದರು.

“ಐ ಡೋಂಟ್ ವಾಂಟ್ ಟು, ಪಪ್ಪಾ.”

ಪಪ್ಪ ಚಿಟಿಕೆ ಹೊಡೆದರು. ಪ್ರೀತಮ್ ಬಟ್ಟಲಿನ ಮುಂದೆ ಕೂತ. ಸರಪಳಿ ನನ್ನ ಕೈಯಲ್ಲಿತ್ತು. ರೀಮ್ ತಿನ್ನುವುದನ್ನು ನಿಲ್ಲಿಸಿದಳು. ತಲೆ ಬಟ್ಟಲಿನ ಮೇಲೆಯೇ, ಬಾಯಿ ಮುಚ್ಚಿತ್ತು, ಮೈ ಮರದ ಹಾಗೆ ಬಿಗಿದಿತ್ತು. ಕಣ್ಣನ್ನಷ್ಟೇ ಹೊರಳಿಸಿ ತಮ್ಮನ ಕೈ ನೋಡಿದಳು, ಕಣ್ಣಿನ ಬಿಳಿ ಒಂದು ಗೆರೆಯಂತೆ ಕಂಡಿತು. ಊಟದ ಮುಂದೆ ಕೂತು ಪಪ್ಪನ ಮುಖವನ್ನೇ ಓದುತ್ತ ಬೆಳೆದ ನನಗೆ ಅದು ಏನೆಂದು ಗೊತ್ತಾಯಿತು. ಆ ನಾಲ್ಕು ವಾರಗಳಲ್ಲಿ ಅದನ್ನು ನಾನು ಎಷ್ಟೋ ಸಲ ನೋಡಿದ್ದೆ. ಸದ್ದಿಲ್ಲದ್ದನ್ನು ಹೇಳಬೇಕೆಂದು ಯಾರೂ ಹೇಳಿರಲಿಲ್ಲ.

“ಪಪ್ಪಾ, ಅದು...”

ಪಪ್ಪ ನನ್ನ ಕಡೆ ನೋಡಿದರು, ಅಷ್ಟೇ. ನಾನು ಬಾಯಿ ಮುಚ್ಚಿದೆ. ಸರಪಳಿಯನ್ನು ಒಂದು ಗೇಣು ಹಿಂದಕ್ಕೆ ಎಳೆದಿದ್ದರೆ ಸಾಕಿತ್ತು. ಪ್ರೀತಮ್ ಕೈ ಚಾಚಿದ. ಅವಳು ಕಚ್ಚಿದ್ದಕ್ಕೆ ಶಬ್ದವೇ ಇರಲಿಲ್ಲ. ಮೊದಲು ಕೇಳಿದ ಶಬ್ದ ನನ್ನ ತಮ್ಮನ ಕೈಯೆಲುಬಿನದು, ಆಮೇಲೆ ಅವನದು. ಬಿಡಿಸಲು ಗುಲ್ ಚಾಚಾ ಕಬ್ಬಿಣದ ಸಲಾಕೆ ತರಬೇಕಾಯಿತು. ಅಮ್ಮ ಮೆಟ್ಟಿಲಿಳಿದು ಓಡಿಬಂದು, ಸೆರಗಿನಲ್ಲಿ ಮಗನ ಕೈ ಸುತ್ತಿ ಎತ್ತಿಕೊಂಡಳು. ಆಗಲೂ ಅವಳು ಪಪ್ಪನಿಗೆ ಒಂದು ಮಾತು ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಮಲಯಾಳಿ ನರ್ಸೊಬ್ಬರು ಹೇಗಾಯಿತು ಎಂದು ಕೇಳಿದರು. ಪಪ್ಪ, ಹುಡುಗ ತುಂಟ, ತಿನ್ನುವ ನಾಯಿಯನ್ನು ಕೆಣಕಿದ ಎಂದರು. ನರ್ಸ್ ಪ್ರೀತಮನ ಕೆನ್ನೆ ಮುಟ್ಟಿ ಕೇಳಿದಾಗ ಅವನು ಪಪ್ಪನ ಕಡೆ ತಿರುಗಿ ನೋಡಿ, “ಐ ಟೀಸ್ಡ್ ಹರ್” ಎಂದ. ಬಲಗೈಯ ಕೊನೆಯ ಎರಡು ಬೆರಳು ಅವನಿಗೆ ಮತ್ತೆ ನೆಟ್ಟಗಾಗಲಿಲ್ಲ. ಈಗ ಅವನು ಇಬ್ಬರು ಮಕ್ಕಳ ತಂದೆ. ಬೆರಳಿಗೆ ಏನಾಯಿತು ಎಂದು ಯಾರಾದರೂ ಕೇಳಿದರೆ, ಚಿಕ್ಕವನಿದ್ದಾಗ ನಾಯಿಯನ್ನು ಕೆಣಕಿದ್ದೆ ಎಂದೇ ಹೇಳುತ್ತಾನೆ. ಹಾಗೆಂದೇ ನಂಬಿದ್ದಾನೆ. ನಾನು ಒಂದು ಸಲ ನಿಜ ಹೇಳಲು ಹೋದೆ. ಅವನು ನನ್ನ ಮುಖ ನೋಡದೆ, “ಬಿಡು ಅಕ್ಕ, ಪಪ್ಪ ಈಗ ಇಲ್ಲವಲ್ಲ” ಎಂದು ಎದ್ದು ಹೋದ.

ನಾಯಿ ಬೇಡ, ಖಲಾಸ್ ಎಂದು ಅರ್ಬಾಬ್ ಫೋನಿನಲ್ಲಿ ಹೇಳಿದರು. ಅಲ್ಲಿ ವಾರದ ರಜೆ ಶುಕ್ರವಾರ; ಭಾನುವಾರ ಶಾಲೆಯಿದ್ದರೂ ಪಪ್ಪ ನನ್ನನ್ನು ಕಳಿಸಲಿಲ್ಲ. ರೀಮ್ ಪಿಕಪ್ ಹತ್ತುತ್ತಿರಲಿಲ್ಲ. ನಾನು ಮೊದಲು ಹಿಂದೆ ಹತ್ತಿ ಕೂತೆ, ಅವಳು ನನ್ನನ್ನು ನೋಡಿ ಹತ್ತಿದಳು. ಆಮೇಲೆ ಪಪ್ಪ ಅವಳನ್ನು ಅಲ್ಲೇ ಬಿಗಿದು, ನನ್ನನ್ನು ಮುಂದೆ ಕೂರಿಸಿಕೊಂಡರು. ಕಡಲ ಬದಿಯ ಹೆದ್ದಾರಿಯಲ್ಲಿ ಎರಡು ಗಂಟೆ. ಸುವೈಕ್ ದಾಟಿ, ಎಡಕ್ಕೆ ಗುಡ್ಡಗಳ ಕಡೆ ತಿರುಗಿ, ಟಾರು ಮುಗಿದು, ಜಲ್ಲಿಕಲ್ಲಿನ ಬಯಲು ಬಂತು. ಮನೆಯಿಲ್ಲ, ಮರವಿಲ್ಲ, ಒಂದು ಆಡೂ ಇಲ್ಲ. ಮಧ್ಯಾಹ್ನದ ಎರಡು ಗಂಟೆ ಇರಬೇಕು. ಪಪ್ಪ ಅವಳನ್ನು ಇಳಿಸಿ, ಸರಪಳಿ ಬಿಚ್ಚಿ, ಮಡಚಿ ಸೀಟಿನ ಕೆಳಗಿಟ್ಟರು.

“ಕುಲ್ಲು” ಎಂದರು. ರೀಮ್ ಕೂತಳು. ಅಂಗೈ ತೋರಿಸಿ “ಉಂತು” ಎಂದರು. ಅವಳು ಅಲ್ಲಾಡಲಿಲ್ಲ.

ಗಾಡಿ ಹೊರಟಿತು. ಓಡಿ ಬರುತ್ತಾಳೆ ಎಂದು ನಾನು ಕಿಟಕಿಯಿಂದ ಹೊರಗೆ ಬಾಗಿ ನೋಡುತ್ತಲೇ ಇದ್ದೆ. ಅವಳು ಹೇಳಿದಲ್ಲೇ, ಹೇಳಿದ ಹಾಗೆಯೇ, ಎರಡು ಕಿವಿ ನಿಮಿರಿಸಿ ಕೂತಿದ್ದಳು. ಧೂಳು ಮುಚ್ಚುವ ತನಕ ಕೂತೇ ಇದ್ದಳು. ಪಪ್ಪ ಕನ್ನಡಿಯಲ್ಲಿ ನೋಡಿ, “ಕಲಿತಿದೆ ನೋಡು” ಎಂದರು. ವ್ಯಂಗ್ಯವಲ್ಲ; ತಾವು ಕಲಿಸಿದ್ದರ ಬಗ್ಗೆ ನಿಜವಾದ ಮೆಚ್ಚುಗೆ ಇತ್ತು ಆ ದನಿಯಲ್ಲಿ. ಸುವೈಕ್‌ನ ಪೇಟೆಯಲ್ಲಿ ಗಾಡಿ ನಿಲ್ಲಿಸಿ ನನಗೆ ಶವರ್ಮಾ, ಮಾವಿನ ಜ್ಯೂಸು ಕೊಡಿಸಿದರು. ಹಸಿವಾಗಿತ್ತು. ಪೂರ್ತಿ ತಿಂದೆ, ಕಾಗದಕ್ಕೆ ಅಂಟಿದ್ದನ್ನೂ ಬಿಡಲಿಲ್ಲ.

ಮನೆಗೆ ಬಂದಾಗ ಅಮ್ಮ ಪ್ರೀತಮನಿಗೆ ಗಂಜಿ ಕುಡಿಸುತ್ತಿದ್ದಳು. ಅವನೇ ಮೊದಲು, ರೀಮ್ ಎಲ್ಲಿ ಎಂದು ಕೇಳಿದ. ಪಪ್ಪ ಚಪ್ಪಲಿ ಬಿಚ್ಚುತ್ತ, ಒಬ್ಬರ ತೋಟಕ್ಕೆ ಕೊಟ್ಟೆ ಎಂದರು. ಅಮ್ಮ ಅವರನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು.

“ಹೌದಾ ರೇಷ್ಮಾ? ನೀ ನೋಡಿದ್ಯಾ?”

ಪಪ್ಪ ನನ್ನ ಕಡೆ ನೋಡಲಿಲ್ಲ ಕೂಡ. ನೋಡುವ ಅಗತ್ಯ ಅವರಿಗೆ ಇರಲಿಲ್ಲ.

“ಹೌದಮ್ಮ. ದೊಡ್ಡ ಖರ್ಜೂರದ ತೋಟ. ನೆರಳುಂಟು, ನೀರಿನ ಕಾಲುವೆ ಉಂಟು. ಇಳಿದ ಕೂಡಲೇ ನೀರು ಕುಡಿಯಿತು. ಅಲ್ಲಿ ಇನ್ನೂ ಎರಡು ನಾಯಿ ಉಂಟು, ಒಂದು ಬಿಳಿ, ಒಂದು ಕಪ್ಪು.”

ಯಾರೂ ಕೇಳದಿದ್ದ ಕಾಲುವೆ, ನಾಯಿ, ಬಣ್ಣ ಎಲ್ಲ ನಾನೇ ಸೇರಿಸಿದ್ದು. ಪ್ರೀತಮ್ ನಕ್ಕ. ಅಮ್ಮ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಚಮಚ ಗಂಜಿಯ ಬಟ್ಟಲಲ್ಲೇ ನಿಂತಿತ್ತು.

ಮಾರನೆಯ ಬೆಳಿಗ್ಗೆ ಶಾಲೆಯ ಬಸ್ಸಿಗೆ ಹೊತ್ತಾಗಿತ್ತು. ದಿನಾ ಮಾಡುವ ಹಾಗೆ ಬಾಚಣಿಗೆ, ಎರಡು ರಿಬ್ಬನ್ ಅಮ್ಮನ ಕೈಗೆ ಕೊಟ್ಟು ಅವಳ ಮುಂದೆ ಬೆನ್ನು ಮಾಡಿ ಕೂತೆ. ಅವಳ ಕೈ ತಲೆಗೆ ಬರಲಿಲ್ಲ. ತಿರುಗಿ ನೋಡಿದೆ. ಬಾಚಣಿಗೆಯನ್ನು ನನ್ನ ಮಡಿಲಿಗೆ ಹಾಕಿ ಅವಳು ಆಗಲೇ ಎದ್ದಾಗಿತ್ತು.

“ನೀನೇ ಕಟ್ಟಿಕೊ. ನಿಂಗೆ ಎಲ್ಲಾ ಬರ್ತದಲ್ಲ.”

ಮುಂದೆ ಹದಿನಾಲ್ಕು ವರ್ಷ ನಾನು ಅಮ್ಮನ ಜೊತೆ ಒಂದೇ ಮನೆಯಲ್ಲಿದ್ದೆ. ನನ್ನ ಮದುವೆಯ ದಿನ ಬೆಳಿಗ್ಗೆಯೂ ನನಗೆ ತಲೆ ಬಾಚಿದವರು ಬೇರೆಯವರು.